ಕ್ಯಾಥೊಲಿಕ್ ಸೇವಾ ಸಂಸ್ಥೆಯಾದ ವಿನ್ಸೆಂಟ್ ಡಿ ಪೌಲ್ ಸಂಘದವರು ಬಡವರ ನೆರವಿನ ಸಭೆಯನ್ನು ಪ್ರಾರ್ಥನೆಯಿಂದ ಆರಂಭಿಸುವುದೇಕೆ?

ಕೊಡುವವನು ದೊಡ್ಡವನೆಂಬ ಹಮ್ಮು ತಲೆಗೇರಬಾರದು ಎಂಬುದೇ ಮುಖ್ಯ ಕಾರಣ. ಹಸಿದವರಿಗೆ ಮಾಡಿದ್ದು ತನಗೇ ಮಾಡಿದಂತೆ ಎಂದು ಯೇಸು ಹೇಳುವ ಮಾತು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿದೆ. ಅದನ್ನು ನಂಬಿದವರಿಗೆ ಬಡವರ ಮನೆಯೂ ಕ್ರಿಸ್ತನನ್ನು ಕಾಣುವ ಜಾಗ. ಪ್ರಾರ್ಥನೆ ಅದಕ್ಕೆ ಮನಸ್ಸನ್ನು ಹದಗೊಳಿಸುತ್ತದೆ.

1833ರಲ್ಲಿ ಪ್ಯಾರಿಸಿನಲ್ಲಿ ವಿದ್ಯಾರ್ಥಿ ಫ್ರೆಡ್ರಿಕ್ ಓಜಾನಾಂ ಗೆಳೆಯರೊಡನೆ ಈ ಸಂಘ ಕಟ್ಟಿದ. ಅವರಿಗೆ ಬಡ ಕುಟುಂಬಗಳನ್ನು ಪರಿಚಯಿಸಿದವರು ಅದೇ ನಗರದ ಮುಫೆಟಾರ್ ಪ್ರದೇಶದ ಸಿಸ್ಟರ್ ರೊಸಾಲಿ ರಾಂದ್ಯು. ಇಂದಿಗೂ ಸದಸ್ಯರು ಸಾಮಾನ್ಯವಾಗಿ ಇಬ್ಬಿಬ್ಬರಾಗಿ ಮನೆಗೇ ಹೋಗುತ್ತಾರೆ. ಅಕ್ಕಿ ಚೀಲ ಬಾಗಿಲಲ್ಲಿಟ್ಟು ಹೊರಡದೆ ಕುಳಿತು ಕಷ್ಟಸುಖ ಕೇಳುತ್ತಾರೆ. (ಹಣ ಕಳುಹಿಸಿ ಕೈತೊಳೆದುಕೊಳ್ಳುವುದು ಇದಕ್ಕಿಂತ ಎಷ್ಟೋ ಸುಲಭ.) ನೆರವು ಪಡೆದವರ ವಿಷಯವನ್ನು ಹೊರಗೆ ಆಡುವಂತಿಲ್ಲ.