ಮೂರನೇ ಹಲ್ಲು ಕೀಳಿಸಲೇ?

ಪ್ರಶ್ನೆ: ನನಗೆ 56 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮೂರು ತಿಂಗಳಿಂದ ಬಲಗೆನ್ನೆಗೆ ಕರೆಂಟ್ ಹೊಡೆದ ಹಾಗೆ ನೋವು, ಒಮ್ಮೊಮ್ಮೆ ಹಣೆಯವರೆಗೂ ಹೋಗುತ್ತದೆ. ಬಚ್ಚಲಲ್ಲಿ ಮುಖ ತೊಳೆಯುವಾಗ, ಅಡಿಕೆ ಸುಲಿಯಲು ಕೂತಾಗ ಥಂಡಿಗಾಳಿ ತಾಗಿದರೆ ಜಾಸ್ತಿ. ಎರಡು ದವಡೆಹಲ್ಲು ಕೀಳಿಸಿದೆ, ಹೋಗಲಿಲ್ಲ. ಮನೆಯವರು ಅರೆತಲೆನೋವು ಅನ್ನುತ್ತಾರೆ. ಮೂರನೆಯದನ್ನೂ ಕೀಳಿಸಲೇ?

ಉತ್ತರ: ಬೇಡಮ್ಮ, ಸದ್ಯ ಅದನ್ನು ಮುಟ್ಟಬೇಡಿ. ನೀವು ಬರೆದಿದ್ದು ನೋಡಿದರೆ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಇರಬಹುದು. ಮಿದುಳಿನಿಂದ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಐದನೆಯದರ ತೊಂದರೆ ಇದು. ಆ ನರಕ್ಕೆ ಮೂರು ಕವಲು: ಹಣೆಗೆ, ಕೆನ್ನೆಗೆ, ಕೆಳದವಡೆಗೆ. ಹಲ್ಲಿಗೂ ಅದೇ ನರ. ಹಾಗಾಗಿ ಹಲ್ಲೇ ನೋಯುತ್ತಿದೆ ಅನಿಸುವುದು ಸಹಜ. ಶಿವಮೊಗ್ಗಕ್ಕೆ ಬಂದ ಹೊಸದರಲ್ಲಿ ನಾನೂ ಇಂಥ ಒಬ್ಬರನ್ನು ಸುಮ್ನೆ ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದ್ದೆ. ಅವರ ಅರ್ಧ ಮುಖಕ್ಕೆ ಮಾತ್ರ ಶೇವ್ ಆಗಿತ್ತು. ಇನ್ನರ್ಧಕ್ಕೆ ಬ್ಲೇಡ್ ತಾಗಿಸಲು ಹೆದರಿದ್ದರು. ಅದನ್ನು ನೋಡಿಯೂ ನನಗೆ ಹೊಳೆಯಲಿಲ್ಲ.

ಅರೆತಲೆನೋವು ಗಂಟೆಗಟ್ಟಲೆ ಇರುತ್ತದೆ. ಇದು ಕೆಲವು ಸೆಕೆಂಡು, ಹೆಚ್ಚೆಂದರೆ ಎರಡು ನಿಮಿಷ. ಆದರೆ ಮತ್ತೆ ಮತ್ತೆ ಬರುತ್ತದೆ. ಎಷ್ಟೋ ಜನರಲ್ಲಿ ಮಿದುಳಿನ ಬುಡದ ಹತ್ತಿರ ರಕ್ತನಾಳವೊಂದು ಈ ನರವನ್ನು ಒತ್ತುತ್ತಾ ಅದರ ಹೊದಿಕೆಯನ್ನು ಸವೆಸಿರುತ್ತದೆ. ಅಪರೂಪಕ್ಕೆ ಗಡ್ಡೆಯೂ ಇರಬಹುದು. ಅದಕ್ಕೇ ಎಂಆರ್‌ಐ ಮಾಡಿಸುವುದು. ಮಾಮೂಲಿ ನೋವಿನ ಮಾತ್ರೆ ಇದಕ್ಕೆ ನಾಟುವುದಿಲ್ಲ. ಸಾಮಾನ್ಯವಾಗಿ ಮೊದಲು ಕೊಡುವುದು ಕಾರ್ಬಮಜೆಪಿನ್, ಅದು ಫಿಟ್ಸ್‌ಗೂ ಕೊಡುವ ಮಾತ್ರೆ. ಚೀಟಿ ನೋಡಿ ಗಾಬರಿಯಾಗಬೇಡಿ, ಅಂಗಡಿಯಿಂದ ನೀವೇ ತಂದು ನುಂಗಲೂಬೇಡಿ. ತಲೆ ತಿರುಗಬಹುದು, ರಕ್ತದಲ್ಲಿ ಸೋಡಿಯಂ ಇಳಿಯಬಹುದು. ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು ಬಂದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಮಾತ್ರೆಗೆ ಬಗ್ಗದಿದ್ದರೆ ಆಪರೇಷನ್ ಇದೆ: ರಕ್ತನಾಳಕ್ಕೂ ನರಕ್ಕೂ ನಡುವೆ ಮೆತ್ತೆ ಇಟ್ಟಂತೆ ಮಾಡುತ್ತಾರೆ. ಅದು ಆಮೇಲಿನ ಮಾತು.

ಒಂದು ವಿಷಯಕ್ಕೆ ಮಾತ್ರ ಕಾಯಬೇಡಿ. ತಲೆನೋವಿನ ಜೊತೆ ದಿಢೀರನೆ ಒಂದು ಕಣ್ಣಿನ ರೆಪ್ಪೆ ಜೋತುಬಿದ್ದರೆ, ಒಂದು ಎರಡಾಗಿ ಕಂಡರೆ, ರಾತ್ರಿಯಾದರೂ ದೊಡ್ಡಾಸ್ಪತ್ರೆಗೆ ಹೊರಡಿ. ಅದು ಬೇರೆ ನರದ ಕಥೆ. ಮಿದುಳಿನ ರಕ್ತನಾಳ ಉಬ್ಬಿ ಒತ್ತುತ್ತಿದ್ದರೂ ಹಾಗಾಗುತ್ತದೆ.

ನಿಮ್ಮದಕ್ಕೆ ಈ ವಾರ ನರರೋಗ ತಜ್ಞರನ್ನು ನೋಡಿ. ಅಲ್ಲಿಯವರೆಗೆ ಉಗುರುಬೆಚ್ಚಗಿನ ನೀರಲ್ಲಿ ಮುಖ ತೊಳೆಯಿರಿ, ಸುಲಿಯಲು ಕೂರುವಾಗ ಮಫ್ಲರ್ ಸುತ್ತಿಕೊಳ್ಳಿ. ಕೆನ್ನೆ ಮರಗಟ್ಟಿದ ಹಾಗಿದ್ದರೆ, ಬಲಗಿವಿ ಮಂದವಾಗಿದ್ದರೆ ಅದನ್ನು ಮೊದಲೇ ಹೇಳಿ. ಹಲ್ಲಿನ ಎಕ್ಸ್‌ರೇ ಇದ್ದರೆ ಅದನ್ನೂ ಒಯ್ಯಿರಿ.