‘ಬಿಹೆಡ್’, ‘ಡಿಕ್ಯಾಪಿಟೇಟ್’ ಮತ್ತು ಸಚಿವರ ತಲೆದಂಡ

ಪ್ರಶ್ನೆ: ಇಂಗ್ಲಿಷ್ ಪತ್ರಿಕೆಗಳು ಮರಣದಂಡನೆಯ ಸುದ್ದಿಯಲ್ಲಿ ‘ಬಿಹೆಡ್’ ಎಂದೂ ಅಪಘಾತದ ಸುದ್ದಿಯಲ್ಲಿ ‘ಡಿಕ್ಯಾಪಿಟೇಟ್’ ಎಂದೂ ಬರೆಯುವುದನ್ನು ಗಮನಿಸಿದ್ದೇನೆ. ಎರಡೂ ತಲೆ ಕಡಿಯುವುದೇ ಅಲ್ಲವೇ? ‘ಬಿಫ್ರೆಂಡ್’ ಎಂದರೆ ಗೆಳೆತನ ಮಾಡಿಕೊಳ್ಳುವುದು ಎಂದಾದರೆ ‘ಬಿಹೆಡ್’ಗೆ ತಲೆ ತೆಗೆಯುವ ಅರ್ಥ ಎಲ್ಲಿಂದ ಬಂತು? ‘ಸಚಿವರ ತಲೆದಂಡ’ ಎಂಬುದಕ್ಕೆ ಈ ಕ್ರಿಯಾಪದ ಹೊಂದುತ್ತದೆಯೇ?
— ಓದುಗರೊಬ್ಬರು, ಧಾರವಾಡ

ಉತ್ತರ: ‘ಬಿ’ ಎಂಬ ಉಪಸರ್ಗಕ್ಕೆ ಹಲವು ಅರ್ಥಗಳಿವೆ. ‘ಬಿಫ್ರೆಂಡ್’, ‘ಬಿಲಿಟ್ಲ್’ಗಳಲ್ಲಿ ಅದು ‘ಹಾಗೆ ಮಾಡು’ ಎಂಬ ಅರ್ಥ ಕೊಡುತ್ತದೆ. ಆದರೆ ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ಬೇರ್ಪಡಿಸು, ತೆಗೆದುಹಾಕು’ ಎಂಬ ಅರ್ಥವೂ ಇತ್ತು, ಮತ್ತು ಆ ಕಾಲದಿಂದಲೇ ಬಳಕೆಯಲ್ಲಿರುವ ‘ಬಿಹೆಡ್’ ಆ ಅರ್ಥವನ್ನು ಉಳಿಸಿಕೊಂಡಿದೆ. ‘ಡಿಕ್ಯಾಪಿಟೇಟ್’ ಲ್ಯಾಟಿನ್ ಮೂಲದ್ದು; ತಲೆ ಎಂಬ ಅರ್ಥದ ‘ಕಾಪುಟ್’ ಅದರೊಳಗಿದೆ. ಅದು ಇಂಗ್ಲಿಷಿಗೆ ಬಂದದ್ದು ಬಹಳ ತಡವಾಗಿ, 17ನೆಯ ಶತಮಾನದ ಆರಂಭದಲ್ಲಿ.

ನೀವು ಗಮನಿಸಿದ ವ್ಯತ್ಯಾಸ ಸರಿಯಾಗಿದೆ. ‘ಬಿಹೆಡ್’ ಎಂದೊಡನೆ ಕಡಿಯುವ ಮನುಷ್ಯನೊಬ್ಬನೂ ಅವನ ಉದ್ದೇಶವೂ ಕಣ್ಣ ಮುಂದೆ ಬರುತ್ತವೆ. 1536ರಲ್ಲಿ ರಾಣಿ ಆನ್ ಬೊಲಿನ್‌ಳನ್ನು ಫ್ರಾನ್ಸ್ ಕಡೆಯಿಂದ ಕರೆಸಿದ ಖಡ್ಗಧಾರಿಯಿಂದಲೂ, 1649ರ ಜನವರಿ 30ರಂದು ದೊರೆ ಒಂದನೆಯ ಚಾರ್ಲ್ಸ್‌ನನ್ನು ಲಂಡನ್ನಿನ ವೈಟ್‌ಹಾಲ್‌ನಲ್ಲಿ ಕೊಡಲಿಯಿಂದಲೂ ಕೊಂದದ್ದನ್ನು ಹೇಳುವಾಗ ಇಂಗ್ಲಿಷ್ ಇತಿಹಾಸಕಾರರು ಸಹಜವಾಗಿ ಬಳಸುವ ಪದ ಇದೇ. ‘ಡಿಕ್ಯಾಪಿಟೇಟ್’ಗೆ ಕೊಲ್ಲುವವನೇ ಬೇಕೆಂದಿಲ್ಲ, ರೈಲು, ಯಂತ್ರ, ಬಿಗಿದ ತಂತಿ ಯಾವುದಾದರೂ ಅದರ ಕರ್ತೃವಾಗಬಹುದು, ಆದ್ದರಿಂದಲೇ ಅಪಘಾತದ ವರದಿಗೂ ವೈದ್ಯರ ಶವಪರೀಕ್ಷಾ ವರದಿಗೂ ಅದು ಒಗ್ಗುತ್ತದೆ. 1793ರಲ್ಲಿ ಹದಿನಾರನೆಯ ಲೂಯಿಯ ತಲೆ ತೆಗೆದ ಫ್ರೆಂಚ್ ಯಂತ್ರಕ್ಕಂತೂ ‘ಗಿಲಟಿನ್’ ಎಂಬ ಬೇರೆಯೇ ಕ್ರಿಯಾಪದವಿದೆ.

ಕನ್ನಡಿಗರು ಎಡವುವುದು ಮುಖ್ಯವಾಗಿ ಕರ್ಮಪದದಲ್ಲಿ. ನಾವು ‘ಅವನ ತಲೆ ಕಡಿದರು’ ಎನ್ನುತ್ತೇವೆ, ಕಡಿಸಿಕೊಳ್ಳುವುದು ತಲೆ. ಇಂಗ್ಲಿಷಿನಲ್ಲಿ ಕ್ರಿಯಾಪದದೊಳಗೇ ತಲೆ ಇರುವುದರಿಂದ ವ್ಯಕ್ತಿಯೇ ಕರ್ಮವಾಗಬೇಕು. ‘ಬಿಹೆಡೆಡ್ ಹಿಸ್ ಹೆಡ್’ ಎಂದು ಬರೆದರೆ ತಲೆಗೂ ಒಂದು ತಲೆಯಿದ್ದಂತಾಗುತ್ತದೆ. ಕರ್ಮಣಿ ಪ್ರಯೋಗದಲ್ಲಿ ‘ವಾಸ್ ಬಿಹೆಡ್’ ಎಂದು ನಿಲ್ಲಿಸುವುದೂ ತಪ್ಪು, ‘ವಾಸ್ ಬಿಹೆಡೆಡ್’ ಎನ್ನಬೇಕು. (ನಮ್ಮ ‘ರುಂಡ ಮುಂಡ’ಗಳ ಕಥೆ ಇನ್ನೂ ಸ್ವಾರಸ್ಯಕರ: ಕನ್ನಡದಲ್ಲಿ ರುಂಡ ತಲೆ, ಮುಂಡ ಒಡಲು, ಸಂಸ್ಕೃತದಲ್ಲಿ ಇದು ತಿರುಗುಮುರುಗು.)

ಇನ್ನು ತಲೆದಂಡ. ತಲೆಯನ್ನೇ ದಂಡವಾಗಿ ತೆರುವುದು ಅದರ ಹಳೆಯ ಅರ್ಥವಾದರೂ, ಇಂದಿನ ಪತ್ರಿಕಾ ಕನ್ನಡದಲ್ಲಿ ಹಗರಣದ ಹೊಣೆ ಹೊತ್ತು ಹುದ್ದೆ ಕಳೆದುಕೊಳ್ಳುವುದಕ್ಕಿಂತ ಹೆಚ್ಚೇನೂ ಅಲ್ಲ. ಅದನ್ನು ‘ಬಿಹೆಡ್’ ಎಂದು ಅನುವಾದಿಸಿದರೆ ಓದುಗರು ಸಚಿವರು ಸತ್ತೇ ಹೋದರೆಂದು ತಿಳಿದಾರು! ‘ಸ್ಯಾಕ್’ ಅಥವಾ ‘ಫೋರ್ಸ್ಡ್ ಟು ರಿಸೈನ್’ ಎಂದು ಸರಳವಾಗಿ ಬರೆಯುವುದೇ ಕ್ಷೇಮ. ಇದರ ವಿರುದ್ಧ ದಿಕ್ಕಿನ ತಪ್ಪೂ ಕಾಣಸಿಗುತ್ತದೆ: ‘ಕ್ಯಾಪಿಟಲ್ ಪನಿಶ್‌ಮೆಂಟ್’ನಲ್ಲಿಯೂ ಅದೇ ‘ಕಾಪುಟ್’ ಇದೆಯೆಂದು ಅದನ್ನು ಶಿರಚ್ಛೇದವೆನ್ನುವುದು. ಭಾರತದಲ್ಲಿ ಆ ಶಿಕ್ಷೆ ಜಾರಿಯಾಗುವುದು ನೇಣಿನಿಂದ. ಆದ್ದರಿಂದ ಮರಣದಂಡನೆ ಎಂಬುದೇ ಸರಿಯಾದ ಪದ.

ರಕ್ತವಿಲ್ಲದ ‘ಬಿಹೆಡ್’ ಕೂಡ ಉಂಟು. ಒಂದು ನದಿಯ ಮೇಲ್ಭಾಗದ ನೀರನ್ನು ನೆರೆಯ ನದಿ ತನ್ನತ್ತ ಸೆಳೆದುಕೊಂಡಾಗ, ಮೂಲ ಕಳೆದುಕೊಂಡು ಸೊರಗಿದ ನದಿಯನ್ನು ಭೂಗೋಳಜ್ಞರು ‘ಬಿಹೆಡೆಡ್’ ಎನ್ನುತ್ತಾರೆ. ಇಂಗ್ಲಿಷ್ ಪದಬಂಧದ ಸುಳಿವಿನಲ್ಲಿ ಈ ಪದ ಕಂಡರೆ ಮೊದಲ ಅಕ್ಷರವನ್ನು ಕಿತ್ತುಹಾಕಬೇಕೆಂದು ತಿಳಿಯಿರಿ: ‘ಟ್ರೈನ್’ನ ತಲೆ ಹಾರಿಸಿದರೆ ಉಳಿಯುವುದು ‘ರೈನ್’.