ಶಾಕ್ ಅಬ್ಸಾರ್ಬರ್ ಬದಲಿಸುವ ಮೊದಲು ಲಿಂಕ್ ರಾಡ್ ಅಲ್ಲಾಡಿಸಿ ನೋಡಿ

ನೀವು ಬರೆದಿರುವುದು ಇಷ್ಟು: ಕಾರಿಗೆ 8 ವರ್ಷ. ಹೊಂಡ ಬಿದ್ದ ರಸ್ತೆಯಲ್ಲಿ ನಿಧಾನವಾಗಿ ಹೋದರೆ ಮುಂದೆ ಎಡಗಡೆ ಟಕಟಕ ಸದ್ದು. ಹಂಪ್ ಹತ್ತಿ ಇಳಿದರೆ ಅಷ್ಟಾಗಿ ಇಲ್ಲ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಒಮ್ಮೊಮ್ಮೆ ‘ಟಂಗ್’ ಅನ್ನುತ್ತದೆ. ಗ್ಯಾರೇಜಿನವರು ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಹೋಗಿವೆ ಅಂದಿದ್ದಾರೆ. ಬದಲಿಸಲೇ ಅಂತ ಕೇಳಿದ್ದೀರಿ.

ಈಗಲೇ ಬೇಡ. ಹಂಪ್ ಮೇಲೆ ಸದ್ದಿಲ್ಲ ಅಂತ ಗಮನಿಸಿದ್ದೀರಲ್ಲ, ಅದೇ ದೊಡ್ಡ ಸುಳಿವು. ಹಂಪ್ ಹತ್ತುವಾಗ ಮುಂದಿನ ಎರಡೂ ಚಕ್ರ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಇಳಿಯುತ್ತವೆ. ಆಗ ಎಡ-ಬಲ ಚಕ್ರಗಳ ಕಡೆಯನ್ನು ಜೋಡಿಸುವ ಅಡ್ಡ ಸರಳು, ಅಂದರೆ ಸ್ಟೆಬಿಲೈಸರ್ ಬಾರ್, ತಿರುಚಿಕೊಳ್ಳುವುದಿಲ್ಲ. ಅದರ ತುದಿಯ ಲಿಂಕ್ ರಾಡ್ ಸುಮ್ನೆ ಇರುತ್ತದೆ. ಹೊಂಡದಲ್ಲಿ ಹಾಗಲ್ಲ. ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ. ಬಾರ್ ತಿರುಚಿಕೊಂಡು ಲಿಂಕ್ ರಾಡನ್ನು ಎಳೆಯುತ್ತದೆ, ತಳ್ಳುತ್ತದೆ. ಅದರ ತುದಿಯ ಗುಂಡು ಸವೆದಿದ್ದರೆ ಪ್ರತಿ ಸಲವೂ ಟಕ್ ಅಂತ ಬಡಿಯುತ್ತದೆ.

ನನಗೂ ಇದೇ ಆಗಿತ್ತು. ಒಂದು ಗ್ಯಾರೇಜಿನಲ್ಲಿ ಎರಡೂ ಶಾಕ್ ಅಬ್ಸಾರ್ಬರ್ ಹೊಸದು ಹಾಕಿಸಿದೆ. ಮನೆಗೆ ಬರುವ ದಾರಿಯಲ್ಲಿ ಮೊದಲ ಹೊಂಡಕ್ಕೇ ಅದೇ ಸದ್ದು. ಬೇಜಾರು ಅಷ್ಟಿಷ್ಟಲ್ಲ. ಆಮೇಲೆ ಬೇರೊಬ್ಬ ಮೆಕ್ಯಾನಿಕ್ ಬಗ್ಗಿ, ಚಕ್ರದ ಹಿಂದೆ ಕೈ ಹಾಕಿ ಲಿಂಕ್ ರಾಡ್ ಅಲ್ಲಾಡಿಸಿದರು. ನಾನು ತಿಂಗಳುಗಟ್ಟಲೆ ಕೇಳಿದ್ದ ಸದ್ದು ಅವರ ಕೈಯಲ್ಲೇ ಬಂತು.

ನೀವೂ ಹಾಗೇ ನೋಡಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನ್ ಆಫ್ ಮಾಡಿ. ಸ್ಟ್ರಟ್ (ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಎರಡೂ ಸೇರಿದ ಜೋಡಣೆ) ಪಕ್ಕದಲ್ಲಿ ತೆಳ್ಳಗಿನ ರಾಡ್ ಕಾಣುತ್ತದೆ. ಗಟ್ಟಿಯಾಗಿ ಹಿಡಿದು ಜೋರಾಗಿ ಅಲ್ಲಾಡಿಸಿ. ಜಾಕಿ ಹಾಕಬೇಡಿ. ಒಂದೇ ಚಕ್ರ ಎತ್ತಿದರೆ ಬಾರ್ ತಿರುಚಿಕೊಂಡು ಲಿಂಕ್ ರಾಡ್ ಬಿಗಿಯಾಗುತ್ತದೆ, ಪ್ಲೇ (ಸಡಿಲ) ಇದ್ದರೂ ಗೊತ್ತಾಗುವುದಿಲ್ಲ. ಎಷ್ಟೋ ಕಡೆ ಇದು ತಪ್ಪಿಹೋಗುವುದು ಇದಕ್ಕೇ. ಲಿಂಕ್ ರಾಡ್ ಸಡಿಲವಾಗಿದ್ದರೆ ಎರಡೂ ಕಡೆಯದು ಬದಲಿಸಿ. ಶಾಕ್ ಅಬ್ಸಾರ್ಬರ್ ಬೆಲೆಯ ಮುಂದೆ ಇದು ತುಂಬಾ ಕಡಿಮೆ.

ಆ ‘ಟಂಗ್’ ಬೇರೆಯೇ ಕಥೆ. ಸ್ಟ್ರಟ್ ಮೇಲ್ತುದಿಯ ಬೇರಿಂಗ್ ಹಿಡಿದುಕೊಂಡಿರಬಹುದು. ಆಗ ಸ್ಟೀರಿಂಗ್ ಜೊತೆ ಸಲೀಸಾಗಿ ತಿರುಗಬೇಕಾದ ಸ್ಪ್ರಿಂಗ್ ತಿರುಚಿಕೊಂಡು ನಿಂತು, ಒಮ್ಮೆಲೇ ಬಿಟ್ಟುಕೊಳ್ಳುತ್ತದೆ. ಒಬ್ಬರಿಗೆ ಸ್ಟೀರಿಂಗ್ ತಿರುಗಿಸಲು ಹೇಳಿ, ನೀವು ಸ್ಪ್ರಿಂಗಿನ ಹೊರಮೈಗೆ ಬೆರಳು ತಾಗಿಸಿ. ಸುರುಳಿಗಳ ಮಧ್ಯೆ ಮಾತ್ರ ಬೆರಳು ತೂರಿಸಬೇಡಿ. ಸ್ಪ್ರಿಂಗ್ ಜಿಗಿದಂತೆ ಅನಿಸಿದರೆ ಹೆಚ್ಚಾಗಿ ಬೇರಿಂಗೇ ಕಾರಣ. ಶಾಕ್ ಅಬ್ಸಾರ್ಬರ್ ಮೈಮೇಲೆ ಎಣ್ಣೆ ಸೋರಿದ್ದರೆ ಆಗ ಅದನ್ನೂ ಬದಲಿಸಿ. ಹೇಗೂ ಸ್ಟ್ರಟ್ ಬಿಚ್ಚಲೇಬೇಕು, ಅಲ್ವಾ?

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಗ್ಯಾರೇಜಿನವರು ಕಾರು ಎತ್ತಿದಾಗ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಲು ಹೇಳಿ. ಪ್ಲೇ ಇದ್ದರೆ ಇನ್ನೊಬ್ಬರು ಬ್ರೇಕ್ ಒತ್ತಲಿ. ಪ್ಲೇ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಹೆಚ್ಚಾಗಿ ಬಾಲ್ ಜಾಯಿಂಟ್ (ಚಕ್ರದ ಕಡೆಯನ್ನು ಕೆಳಗಿನ ಆರ್ಮ್‌ಗೆ ಸೇರಿಸುವ ಕೀಲು). ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಹೊರಗೆ ಮಗುಚುತ್ತದೆ. ಅದು ಸಡಿಲವಾದ ಕಾರನ್ನು ಮನೆಗೂ ಓಡಿಸಬೇಡಿ, ಅಲ್ಲೇ ಬಿಟ್ಟು ಬನ್ನಿ. ಎಡ-ಬಲ ಹಿಡಿದು ಅಲುಗಿಸಿದಾಗ ಪ್ಲೇ ಸಿಕ್ಕರೆ ಟೈ ರಾಡ್ ಎಂಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ರಾಡಿನ ತುದಿ) ನೋಡಬೇಕು. ಅದನ್ನು ಬದಲಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ.

ಇಷ್ಟೆಲ್ಲ ಸರಿಯಿದ್ದೂ ಸದ್ದು ಉಳಿದರೆ ಲೋವರ್ ಆರ್ಮ್ ಬುಷ್ (ಚಕ್ರ ಹಿಡಿದಿರುವ ಕೆಳಗಿನ ಆರ್ಮ್‌ನ ರಬ್ಬರ್) ನೋಡಿಸಿ. ಸ್ವಲ್ಪ ಮುಂದೆ ಹೋಗಿ ಬ್ರೇಕ್, ರಿವರ್ಸ್ ಬಂದು ಬ್ರೇಕ್ ಹಾಕಿದಾಗ ‘ದಡ್’ ಅಂದರೆ ಅದರ ಮೇಲೇ ಅನುಮಾನ. ಬುಷ್ ಹಾಕಿಸುವಾಗ ಕಾರು ಚಕ್ರದ ಮೇಲೆ ನಿಂತಿರುವಾಗಲೇ ಬೋಲ್ಟ್ ಕೊನೆಯ ಬಿಗಿ ಮಾಡಲು ಹೇಳಿ. ಎತ್ತಿದ ಕಾರಿನಲ್ಲಿ ಬಿಗಿದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.